ಲಕ್ವಾ ಹೊಡೆದರ ಮೊದಲ ಫೋನ್ ಯಾರಿಗೆ? | ಭಾಗ 4

ಅಕ್ಟೋಬರ್ 29 ಅಂದ್ರ ನಮಗೆಲ್ಲ ಅಪ್ಪು ನೆನಪಾಗ್ತಾರ. 2021ರಲ್ಲಿ ಅವರು ಹೋದ ದಿನ. ವಿಶ್ವ ಪಾರ್ಶ್ವವಾಯು ದಿನವೂ ಅದೇ. ಅಪ್ಪು ಹೋದ ಮ್ಯಾಲೆ ಎದಿನೋವು ಅಂದ್ರ ಇಸಿಜಿಗೆ ಓಡೋದು ಕಲಿತ್ವಿ. ಲಕ್ವಾಕ್ಕ ಓಡೋದು ಇನ್ನೂ ಕಲಿತಿಲ್ಲ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಮನ್ಯಾಗ ಯಾರಿಗಾದ್ರೂ ಬಾಯಿ ಸೊಟ್ಟ ಆದ್ರ ಮೊದಲ ಫೋನ್ ಬೀಗರಿಗೆ, ಎರಡನೇದು ನಾಟಿ ಔಷಧದವರಿಗೆ. ಎಣ್ಣಿ ತಿಕ್ಕು, ಪಾರಿವಾಳದ ರಕ್ತ ಹಚ್ಚು, "ಮುಂಜಾನೆ ನೋಡೂಣು". ನನ್ನ ಮಾತು ಇಷ್ಟೇ: ರೋಗಿ ಮತ್ತೆ ಎದ್ದು ನಡೀತಾರೋ ಇಲ್ಲೋ ಅನ್ನೋದು ಅರ್ಧ ಈ ಫೋನಿನಲ್ಲೇ ತೀರ್ಮಾನ ಆಗ್ತೈತಿ.

ಯಾಕ? ಹೆಚ್ಚಿನ ಲಕ್ವಾ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬರುತ್ತದೆ. ಚಿಕಿತ್ಸೆ ಇಲ್ಲದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 4½ ಗಂಟೆ ಮಾತ್ರ ಸಮಯ. 1995ರ ಅಮೆರಿಕದ ಅಧ್ಯಯನದಲ್ಲಿ 3 ಗಂಟೆಯೊಳಗೆ ಇಂಜೆಕ್ಷನ್ ಸಿಕ್ಕವರು ಮೂರು ತಿಂಗಳಿಗೆ ಹೆಚ್ಚುಕಡಿಮೆ ಮೊದಲಿನಂತಾಗುವ ಸಾಧ್ಯತೆ ಕನಿಷ್ಠ 30% ಹೆಚ್ಚಿತ್ತು.

ಆದ್ರ ಸಿಟಿ ಸ್ಕ್ಯಾನ್ ಇಲ್ಲದೆ ಇದನ್ನು ಕೊಡೋ ಹಂಗಿಲ್ಲ. ರಕ್ತಸ್ರಾವದಿಂದ ಬಂದ ಲಕ್ವಾ ಆಗಿದ್ರ ಅದೇ ಇಂಜೆಕ್ಷನ್ ಜೀವ ತೆಗೀಬಹುದು. ಅದಕ್ಕೇ ಮನ್ಯಾಗ ಆಸ್ಪಿರಿನ್ ನುಂಗಿಸಬ್ಯಾಡ್ರಿ. ನೀರೂ ಕುಡಿಸಬ್ಯಾಡ್ರಿ, ಗಂಟಲಿಗೆ ಸಿಗಬಹುದು.

ಈಗ ರಸ್ತೆ ಲೆಕ್ಕ. ಶಿಗ್ಗಾಂವಿಯವರಿಗೆ ಹೆದ್ದಾರಿ ಹಿಡಿದ್ರ ಹುಬ್ಬಳ್ಳಿ. ಹಿರೇಕೆರೂರಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ದಾಟುತ್ತದೆ, ದಾವಣಗೆರೆಯೇ ಹತ್ತಿರ. ಒಂದು ಆಸ್ಪತ್ರೆಗೆ ಹೋಗಿ "ಇಲ್ಲಿ ಸ್ಕ್ಯಾನ್ ಇಲ್ಲ" ಅನ್ನಿಸಿಕೊಂಡು ಇನ್ನೊಂದಕ್ಕೆ ಹೋದ್ರ ಟೈಮ್ ಮುಗೀತು. ಆಸ್ಪತ್ರೆ ಬಿಲ್ ಒಂದ್ಸಲ. ದುಡಿಯೋ ಕೈ ಬಿದ್ರ ಮನಿ ಖರ್ಚು ವರ್ಷಗಟ್ಟಲೆ.

ಸರ್ಕಾರಕ್ಕೂ ಒಂದು ಮಾತು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳ್ತಾರ, ಹೆಪ್ಪು ಕರಗಿಸೋ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗತೈತಿ. ಮಿದುಳಿಗೂ ಅಷ್ಟೇ ಗಟ್ಟಿ ಜಾಲ ಪ್ರತಿ ತಾಲ್ಲೂಕಿಗೂ ಬೇಕು: ಹಗಲು ರಾತ್ರಿ ನಡೆಯೋ ಸಿಟಿ, ಫೋನಿನಲ್ಲಿ ಸಿಗೋ ನರರೋಗ ತಜ್ಞರು. ದೊಡ್ಡ ಆಸ್ಪತ್ರೆ ಎಷ್ಟೇ ಚಲೋ ಇದ್ರೂ ತಡವಾಗಿ ಬಂದವರಿಗೆ ಅದರ ಪೂರ್ತಿ ಲಾಭ ಸಿಗೂದಿಲ್ಲ.

ಅಲ್ಲಿತನಕ ನಮ್ಮ ಕೈಯಾಗಿರೋದು:
👉 ಮುಖ ಸೊಟ್ಟ, ಕೈ ಸೋಲು, ಮಾತು ತೊದಲು: ಒಂದು ಕಂಡ್ರೂ 108.
👉 ಕೊನೇ ಸಲ ಸರಿಯಾಗಿದ್ದ ಟೈಮ್ ಬರ್ಕೊಳ್ರಿ. ಎದ್ದಾಗಲೇ ಹಿಂಗಾಗಿದ್ರ, ಮಲಗಿದ ಟೈಮ್.
👉 ತಾನೇ ಸರಿ ಹೋದ್ರೂ ಅವತ್ತೇ ತೋರಿಸ್ರಿ.
👉 "ಸಿಟಿ ಈಗ ನಡೀತೈತೇನ್ರಿ? ಲಕ್ವಾ ಇಂಜೆಕ್ಷನ್ ಕೊಡ್ತೀರೇನ್ರಿ?" ಹತ್ತಿರದ ಆಸ್ಪತ್ರೆಗಳಿಗೆ ಇವತ್ತೇ ಕೇಳಿ ನಂಬರ್ ಸೇವ್ ಮಾಡ್ರಿ.

ಇದನ್ನ ಮನಿ ಗ್ರೂಪಿಗೆ ಕಳ್ಸ್ರಿ. ಬೀಗರಿಗೆ ಫೋನ್ ಆಂಬುಲೆನ್ಸಿನೊಳಗ ಕೂತು ಮಾಡಿದ್ರೂ ನಡೀತೈತಿ.

#ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು #ಲಕ್ವಾ