ಕಾಲಡಿಯ ಬಣ್ಣ

ಬಂಗಾರಪೇಟೆಯ ನಮ್ಮ ಮನೆಯ ನೆಲವನ್ನು ಕೀಳಿಸಿ ಹೊಸ ಟೈಲ್ಸ್ ಹಾಕಿಸಬೇಕೆಂದು ಮನೆಯಾಕೆ ಹಟ ಹಿಡಿದು ಎರಡು ವರ್ಷವಾಯಿತು. ಅದು ಮೊಸಾಯಿಕ್ ನೆಲ. ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದ ನನ್ನ ತಾತ 1968ರಲ್ಲಿ ಹಾಕಿಸಿದ್ದು. ಕೂಲಿಯವರು ಕುಕ್ಕರಗಾಲಿನಲ್ಲಿ ಕುಳಿತು, ನೀರು ಹಾಕಿ ಹಾಕಿ, ದಿನಗಟ್ಟಲೆ ಅದನ್ನು ಉಜ್ಜಿದರೆಂದು ಅಜ್ಜಿ ಹೇಳುತ್ತಿದ್ದರು. ಕಳೆದ ವಾರ ಮೇಸ್ತ್ರಿ ಬಂದು, ಮೂಲೆಯಲ್ಲಿ ಸುತ್ತಿಗೆಯಿಂದ ತಟ್ಟಿ ನೋಡಿ, "ಮೇಷ್ಟ್ರೇ, ಇದನ್ನ ಒಡೆಯೋದಕ್ಕೇ ನಾಲ್ಕು ದಿನ ಬೇಕು" ಎಂದರು. ಆ ಮಾತಿನಲ್ಲಿ ಕೂಲಿಯ ಲೆಕ್ಕಾಚಾರವೂ ಇತ್ತು, ತುಸು ಗೌರವವೂ ಇತ್ತು.

ಓದುಗರು ನಗಬಾರದು, ಈ ನೆಲದ ವಂಶಾವಳಿ ರೋಮ್ ನಗರದವರೆಗೂ ಹೋಗುತ್ತದೆ. ಹೆಂಚಿನ ಪುಡಿ ಬೆರೆಸಿದ ಸುಣ್ಣದ ಗಾರೆಯಲ್ಲಿ ಕಲ್ಲಿನ ಚೂರುಗಳನ್ನು ಕೂರಿಸುವ ವಿದ್ಯೆಯನ್ನು ರೋಮನರು ಚೆನ್ನಾಗಿ ಬಲ್ಲವರಾಗಿದ್ದರು. ಸಿರಿವಂತರ ವೈಭವವಾದರೋ ಬೇರೆ. ಬಣ್ಣದ ಕಲ್ಲುಗಳನ್ನು ತೆಳುವಾದ ಹಲಗೆಗಳಾಗಿ ಸೀಳಿ, ಚಕ್ರ ಚೌಕಗಳಾಗಿ ಕತ್ತರಿಸಿ, ನೆಲಕ್ಕೂ ಗೋಡೆಗೂ ಜೋಡಿಸುತ್ತಿದ್ದರು. ಪ್ಯಾಂಥಿಯಾನ್ ದೇಗುಲದಲ್ಲಿ ಇಂದಿಗೂ ಆ ವಿನ್ಯಾಸವನ್ನು ನೋಡಬಹುದು: ಟ್ಯುನೀಸಿಯದ ಹಳದಿ, ತುರ್ಕಿಯ ನೇರಳೆ ಗೆರೆಗಳ ಬಿಳುಪು, ಈಜಿಪ್ಟಿನ ಬೂದು ಗ್ರಾನೈಟು, ಎಲ್ಲಕ್ಕೂ ಮಿಗಿಲಾಗಿ ಕೆನ್ನೇರಳೆಯ ಪಾರ್ಫಿರಿ.

ಈ ಪಾರ್ಫಿರಿಗಾಗಿ ರೋಮನರು ಈಜಿಪ್ಟಿನ ಪೂರ್ವ ಮರುಭೂಮಿಯ ಬೆಟ್ಟಗಳನ್ನೇರಬೇಕಾಗಿತ್ತು. ಅದನ್ನು ಕಂಡುಹಿಡಿದವನು ಗಾಯಸ್ ಕೊಮಿನಿಯಸ್ ಲ್ಯೂಗಸ್ ಎಂಬವನೆಂದು ಕ್ರಿ. ಶ. 18ರ ಶಾಸನವೊಂದು ಸಾರುತ್ತದೆ. ಅಲ್ಲಿಂದ ನೈಲ್ ನದಿಗೆ ಸುಮಾರು 150 ಕಿಲೋಮೀಟರು ಗಾಡಿಯ ಹಾದಿ; ಆಮೇಲೆ ದೋಣಿ, ಹಡಗು. ಮುಂದಿನ ಕಾಲದಲ್ಲಿ, ತಮ್ಮ ಮತವನ್ನು ಬಿಡದ ಕ್ರೈಸ್ತರನ್ನು ಶಿಕ್ಷೆಯಾಗಿ ಆ ಗಣಿಗೆ ದೂಡಿದ್ದೂ ಉಂಟು. ಅರಸರ ಕಾಲಿಗೆ ತಂಪಾದ ಕಲ್ಲು ಎಂಥ ಬಿಸಿಲಿನಿಂದ ಬಂದಿತ್ತು!

ಅಂಥ ಕಲ್ಲನ್ನು ಸೀಳುತ್ತಿದ್ದುದು ಹಲ್ಲಿಲ್ಲದ ಗರಗಸ, ನೀರು ಮತ್ತು ಮರಳಿನಿಂದ. ಕೊಯ್ಯುವುದು ಕಬ್ಬಿಣವಲ್ಲ, ಮರಳು ಎಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ಅವನ ಪ್ರಕಾರ ಇಥಿಯೋಪಿಯದ ಮರಳು ಉತ್ತಮ. ಭಾರತದ್ದೂ ಆದೀತು, ಆದರೆ ಕೊಂಚ ಒರಟು. (ನಮ್ಮ ಸರಕಿನ ಮೇಲೆ ದೂರು ಇಂದು ನಿನ್ನೆಯದಲ್ಲ.)

ಬಣ್ಣದ ಕಲ್ಲಿಗೆ ನಮ್ಮ ನಾಡೇನೂ ಬಡವಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ಅಲಂಕಾರದಲ್ಲಿ ಮಾಗಡಿಯ ನಸುಗೆಂಪು ಕಲ್ಲೂ ತುರುವೇಕೆರೆಯ ಕರಿಗಲ್ಲೂ ಇವೆ. ಆದರೆ ನಮ್ಮ ಗಣಿಯೂರಿನಲ್ಲಿ ಕಲ್ಲನ್ನು ಕಲ್ಲೆಂದು ನೋಡಿದವರು ವಿರಳ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಟನ್ನಿಗೆ ಕೆಲವೇ ಗ್ರಾಂ ಚಿನ್ನಕ್ಕಾಗಿ ಬಂಡೆಯನ್ನು ಹಿಟ್ಟಾಗುವಂತೆ ಅರೆದರು. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ದಿಣ್ಣೆಗಳಾಗಿ ಆ ಹಿಟ್ಟು ಇನ್ನೂ ನಿಂತಿದೆ.

ಗಣಿಗೆ ಸಮೀಪದ ಪೆದ್ದಪಲ್ಲಿಯಲ್ಲಿ ಮಾತ್ರ ಅರೆಯದೆ ಉಳಿದ ಬಂಡೆಯೊಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ಸಿಡಿದ ಜ್ವಾಲಾಮುಖಿಯ ಬೂದಿಯಲ್ಲಿ ಕಲ್ಲಿನ ತುಣುಕುಗಳು ಹುದುಗಿ, ಎಲ್ಲವೂ ಒಂದಾಗಿ ಗಟ್ಟಿಯಾದ ಬಂಡೆ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಸಾಲಿಗೆ ಸೇರಿಸಿದ್ದಾರೆ. ಬೂದಿಯೇ ಗಾರೆ, ತುಣುಕುಗಳೇ ಚೂರುಗಲ್ಲು. ಮೊಸಾಯಿಕ್ ಅಲ್ಲದೆ ಮತ್ತೇನು?

ಇದನ್ನೆಲ್ಲ ಮನೆಯಾಕೆಗೆ ವಿವರಿಸಿದೆ. "ರೀ, ಪಾಠ ಕಾಲೇಜಿನಲ್ಲಿ ಮಾಡಿ" ಎಂದಳು. ಭಾನುವಾರ ಮೇಸ್ತ್ರಿ ಅಡಿಗೆಮನೆಯಿಂದ ಕೆಲಸ ಆರಂಭಿಸಿದರು. ಧೂಳು ಏಳದಿರಲೆಂದು ನಡುಮನೆಗೂ ಒಂದು ಬಿಂದಿಗೆ ನೀರು ಸುರಿದರು. ಐವತ್ತಕ್ಕೂ ಹೆಚ್ಚು ವರ್ಷಗಳ ಮಬ್ಬಿನಡಿಯಿಂದ ಹಸಿರು, ಕಪ್ಪು, ಕಾವಿ, ಕೆನೆಬಿಳುಪು ಒಮ್ಮೆಗೇ ಎದ್ದುಬಂದವು. ಆಕೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ನಡುಮನೆ ಹಾಗೇ ಇರಲಿ. ಅಡಿಗೆಮನೆಯದಷ್ಟೇ ಸಾಕು."

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಲೆಕ್ಕವನ್ನು ಮೊದಲಿನಿಂದ ಹಾಕತೊಡಗಿದರು.