ಗಂಟು ಹಾಕೋದು ದಾರ ಅಲ್ಲ, ನಾವು (ಗಾಳದ ಗೀಳು, ಭಾಗ 6)

"ಬ್ರೇಡ್ ಹಾಕ್ಬ್ಯಾಡಲೇ, ಬರೇ ಗಂಟಾಗ್ತೈತಿ." ಕ್ಲಾಸಲ್ಲಿ ಗಾಳದ ಮಾತು ಎತ್ತಿದ್ರೆ ಸಾಕು, ಲಾಸ್ಟ್ ಬೆಂಚಿಂದ ಈ ಉಪದೇಶ ಗ್ಯಾರಂಟಿ. ದೋಸ್ತರೇ, ನಾನು ಒಪ್ಪೋದಿಲ್ಲ. ಎರಡು ವರ್ಷ ನಾನೂ ದಾರಕ್ಕೇ ಬೈದು, ಆಮೇಲೆ ತಿಳ್ಕೊಂಡಿದ್ದು ಇದು. ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ತಿದೀನಿ.

ಮೊದಲೇ ಒಂದು ಮಾತು. ಅನಮೋಡದವನು ಅಂದ ಕೂಡ್ಲೇ "ನಿಮ್ಮೂರ ಹಳ್ಳದಲ್ಲೇ ಹಾಕೋಣ ಬಾ" ಅಂತೀರಿ. ಆಗಲ್ಲ. ನಮ್ಮ ಸುತ್ತ ಇರೋದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಅಲ್ಲಿ ಗಾಳ ಹಾಕೋ ಹಾಗಿಲ್ಲ. ನಾನು ಹೋಗೋದು ಕಾರವಾರಕ್ಕೆ, ಅತ್ತೆ ಮನೆಗೆ. ನಮ್ಮ ಜೋಯಿಡಾ ತಾಲೂಕಿನ ಡಿಗ್ಗಿ ಹತ್ರ ಹುಟ್ಟೋ ಕಾಳಿ 184 ಕಿಲೋಮೀಟರ್ ಹರಿದು ಸಮುದ್ರ ಸೇರೋದು ಅಲ್ಲೇ. ನಮ್ಮ ನೀರೇ, ಉಪ್ಪಾಗಿ ಸಿಗ್ತದೆ ಅಷ್ಟೆ.

ಈಗ ವಿಷಯ. ಅಪ್ಪನ ಕಾಲದ ತಂಗೂಸಕ್ಕೆ ಮೈಯಲ್ಲೇ ಒಂದು ಸ್ಪ್ರಿಂಗ್ ಇರ್ತದೆ. ಸ್ಪೂಲ್ ಮೇಲೆ ಸಡಿಲವಾಗಿ ಕೂತ್ರೆ ತಾನೇ ಎದ್ದು ನಿಂತು ತೋರಿಸಿಕೊಡ್ತದೆ. ಬ್ರೇಡ್ ಹಾಗಲ್ಲ. ಪಾಲಿಥಿಲೀನಿನ ಸಣ್ಣ ಸಣ್ಣ ಎಳೆಗಳನ್ನ ಜಡೆ ಹೆಣೆದ ಹಾಗೆ ಹೆಣೆದದ್ದು ಅದು. ನೂಲಿನಷ್ಟು ಮೆತ್ತಗೆ, ಎಳೆದ್ರೆ ಹಿಗ್ಗೋದೇ ಇಲ್ಲ ಅನ್ನಬಹುದು. ಒಂದು ಸಡಿಲ ಸುತ್ತು ಬಿದ್ರೆ ಸುಮ್ನೆ ಮಲಗಿಬಿಡ್ತದೆ, ಅದರ ಮೇಲೆ ಉಳಿದ ಸುತ್ತುಗಳು ಬಿಗಿಯಾಗಿ ಕೂರ್ತಾವೆ. ಮುಂದಿನ ಸಲ ಬೀಸಿದಾಗ ಮೇಲಿನ ದಾರ ಹೊರಗೆ ಓಡ್ತಾ ಕೆಳಗೆ ಮಲಗಿದ್ದ ಕುಣಿಕೆಯನ್ನೂ ಎಳ್ಕೊಂಡು ಹೋಗ್ತದೆ. ಮೊದಲ ರಿಂಗಿಗೆ ಬಡಿದು ಟಪ್! ಬೈಟ್ ಒಂದು ಕಡೆ, ನಾವೊಂದು ಕಡೆ. ಇದಕ್ಕೆ "ವಿಂಡ್ ನಾಟ್" ಅಂತ ಹೆಸರಿಟ್ಟು ಗಾಳಿ ಮೇಲೆ ತಪ್ಪು ಹೊರಿಸ್ತೀವಿ. ಗಾಳಿಯ ಪಾಲೂ ಇರ್ತದೆ, ಇಲ್ಲ ಅನ್ನಲ್ಲ. ಆದ್ರೆ ಆ ಸಡಿಲ ಸುತ್ತು ಹಾಕಿದ್ದು ಯಾರು?

ಬೀಸಿದ ಮೇಲೆ ಹ್ಯಾಂಡಲ್ ತಿರುಗಿಸಿ ಬೇಲ್ ಮುಚ್ಚೋ ಚಾಳಿ ಇದೆಯಲ್ಲ, ನನ್ನ ಪ್ರಕಾರ ಅರ್ಧ ರೋಗ ಅಲ್ಲೇ. ವಿಡಿಯೋದಲ್ಲಿ ಸ್ಟೈಲಾಗಿ ಕಾಣ್ತದೆ, ನಿಜ. ಅದರ ಬದಲು, ಬೈಟ್ ನೀರಿಗೆ ಬೀಳೋ ಮುಂಚೆ ಬೆರಳಲ್ಲಿ ದಾರವನ್ನ ಮೆಲ್ಲಗೆ ತಡೀರಿ. ಬೇಲ್ ಕೈಯಿಂದಲೇ ಮುಚ್ಚಿ. ದಾರ ರೋಲರ್ ಮೇಲೆ ಕೂತಿದೆಯಾ ನೋಡಿ, ಒಂದ್ಸಲ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಎರಡು ಸೆಕೆಂಡಿನ ಕೆಲಸ. ನಾನು ಈ ಒಂದು ಚಾಳಿ ಬದಲಿಸಿದ್ದಕ್ಕೇ ದಿನಕ್ಕೆ ಆರೇಳು ಆಗ್ತಿದ್ದ ಗಂಟು ಒಂದಕ್ಕೆ ಇಳೀತು.

ತುಂಬಿಸೋದರಲ್ಲೂ ನಮಗೆ ದುರಾಸೆ. ಕಂಠಪೂರ್ತಿ ತುಂಬಿದ್ರೆ ಸುತ್ತುಗಳು ಗುಂಪಾಗಿ ಜಾರ್ತಾವೆ, ಅಂಚಿಂದ ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಿಸಿ. ನುಣುಪು ಸ್ಪೂಲಿಗೆ ಬ್ರೇಡ್ ನೇರ ಕಟ್ಟಿದ್ರೆ ಇಡೀ ದಾರವೇ ಗಿರ್ರನೆ ಜಾರಬಹುದು, ಹಾಗಾಗಿ ಅಡಿಗೆ ತಂಗೂಸ ಹಾಕಿ. (ಅಡಿಗೆ ತಂಗೂಸ ತುಂಬಿದಷ್ಟೂ ಬ್ರೇಡಿನ ದುಡ್ಡು ಉಳೀತದೆ. ಬಿಕಾಂ ಓದಿದ್ದು ಇಲ್ಲಾದ್ರೂ ಉಪಯೋಗಕ್ಕೆ ಬರಲಿ.) ತುಂಬುವಾಗ ಯಾರಾದ್ರೂ ಒದ್ದೆ ಬಟ್ಟೇಲಿ ದಾರ ಬಿಗಿಹಿಡಿದಿರಬೇಕು. ನನಗೆ ತಂಗಿ ಹಿಡೀತಾಳೆ, ಕೂಲಿ ಒಂದು ಐಸ್‌ಕ್ರೀಮ್.

ಇನ್ನೊಂದು ಲೆಕ್ಕ. ಚೊಣಕ ಸಿಕ್ಕಿ ದಾರ ಎಳ್ಕೊಂಡು ಓಡ್ತಿರೋವಾಗ ಗಾಬರಿಯಲ್ಲಿ ಹ್ಯಾಂಡಲ್ ತಿರುಗಿಸ್ತೀರಲ್ಲ, ಆಗ ದಾರ ಒಳಗೆ ಬರೋದಿಲ್ಲ, ಹುರಿ ಮಾತ್ರ ಏರ್ತದೆ. ರೀಲ್ ಮೇಲೆ 5.2:1 ಅಂತ ಬರೆದಿದ್ರೆ ಒಂದು ತಿರುವಿಗೆ ಐದು ಹುರಿ. ಇಪ್ಪತ್ತು ಸಲ ತಿರುಗಿಸಿದ್ರೆ ನೂರು ದಾಟ್ತು. ಮೀನು ಓಡುವಾಗ ಕೈ ಬಿಟ್ಟು ಸುಮ್ನೆ ನಿಲ್ಲಿ.

"ಗಂಟಾದ್ರೆ ಕತ್ತರಿಸಿ ಬಿಸಾಕಿದ್ರಾಯ್ತು, ನಿಂದೇನು ಗೋಳು?" ಅಂತ ಒಬ್ಬ ಕೇಳಿದ. ನಾನೂ ಹಾಗೇ ಬಿಸಾಕ್ತಿದ್ದೆ. ಕಳೆದ ಡಿಸೆಂಬರಲ್ಲಿ ಕೋಡಿಬಾಗದ ದಡದಲ್ಲಿ ಒಂದು ಬೆಳ್ಳಕ್ಕಿ ಒದ್ದಾಡ್ತಿತ್ತು. ಕಾಲಿಗೂ ರೆಕ್ಕೆಗೂ ಸೇರಿ ಹಸಿರು ದಾರ ಸುತ್ತಿತ್ತು. ಅಲ್ಲಿ ಬೀಸುಬಲೆ ತೊಳೀತಿದ್ದ ಮಾಮಾ ಒಬ್ಬರು ಟವೆಲ್ಲಲ್ಲಿ ಅದನ್ನ ಹಿಡಿದ್ರು, ನಾನು ನೇಲ್‌ಕಟರಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ದಾರ ಚರ್ಮ ಕೊಯ್ದು ಒಳಗೆ ಇಳಿದಿತ್ತು. ಹಾರ್ತೇನೋ ಹಾರಿತು, ಒಂದು ಕಾಲು ಜೋತಾಡ್ತಿತ್ತು. ಮಾಮಾ ಏನೂ ಬೈಲಿಲ್ಲ. ನನ್ನ ರೀಲ್ ಕಡೆ ಒಂದ್ಸಲ ನೋಡಿದ್ರು. ಅದೂ ಹಸಿರೇ.

ಅದು ನನ್ನದೇ ದಾರವೋ ಬೇರೆಯವರದೋ, ಗೊತ್ತಿಲ್ಲ. ಹಿಂದಿನ ವಾರ ಅದೇ ದಡದಲ್ಲಿ ಒಂದು ಮುಷ್ಟಿ ಗಂಟು ಬಿಸಾಕಿದ್ದಂತೂ ಹೌದು. ಪಾಲಿಥಿಲೀನ್ ಎಲೆ ಹಾಗೆ ಕೊಳೆಯೋದಿಲ್ಲ, ನೀರಲ್ಲಿ ಮುಳುಗೋದೂ ಇಲ್ಲ.

ಆಮೇಲಿಂದ ಗಂಟಾದ್ರೆ ಕುಕ್ಕಿ ಎಳೆಯಲ್ಲ. ಎಳೆದಷ್ಟೂ ಬಿಗೀತದೆ. ದಾರ ಸಡಿಲ ಬಿಟ್ಟು, ಹೊರಗೆ ಚಾಚಿದ ಕುಣಿಕೆ ಯಾವುದು ಅಂತ ಹುಡುಕಿ, ಸೂಜಿ ತುದಿಯಲ್ಲಿ ಮೆಲ್ಲಗೆ ಅಗಲ ಮಾಡ್ತೀನಿ, ಎಷ್ಟೋ ಸಲ ತಾನೇ ಬಿಚ್ಕೊಳ್ತದೆ. ಬಿಚ್ಚದಿದ್ರೆ ಸಣ್ಣಗೆ ತುಂಡು ಮಾಡಿ ಬ್ಯಾಗಲ್ಲಿರೋ ಖಾಲಿ ನೀರಿನ ಬಾಟಲಿಗೆ ತುರುಕ್ತೀನಿ. ಕೊನೇ ಫೋಟೋದಲ್ಲಿ ಇರೋದು ಅದೇ ಬಾಟಲಿ. ಕಾಲು ಭಾಗ ತುಂಬಿದೆ. ಎಲ್ಲಾ ನನ್ನದಲ್ಲ, ದಡದಲ್ಲಿ ಹೆಕ್ಕಿದ್ದೇ ಜಾಸ್ತಿ.