ಪರೀಕ್ಷಿಸುವವರಿಗೆ ಮುದ್ರೆ ಒತ್ತುವವರು ಯಾರು?

ಗುಡಿಬಂಡೆ: 2022ರ ಮಾರ್ಚ್‌ನಲ್ಲಿ ಇಂಡೋನೇಷ್ಯಾ ಭಾರತದ ಕೃಷಿ ಉತ್ಪನ್ನಗಳ ಆಮದನ್ನು ಕೆಲಕಾಲ ತಡೆಹಿಡಿದಿತ್ತು. ಸರಕು ಕೆಟ್ಟಿದೆ ಎಂಬುದು ಅದಕ್ಕೆ ಕಾರಣವಾಗಿರಲಿಲ್ಲ. ಸರಕಿನ ಜೊತೆ ಹೋಗುವ ಪರೀಕ್ಷಾ ಪ್ರಮಾಣಪತ್ರ ನೀಡುವ ನಮ್ಮ ಪ್ರಯೋಗಾಲಯಗಳ ನೋಂದಣಿ ಅಲ್ಲಿ ಆಗಿರಲಿಲ್ಲ, ಅಷ್ಟೇ. ಭಾರತದ ಕಡಲೆಕಾಯಿ ಬೀಜಕ್ಕೆ ಇಂಡೋನೇಷ್ಯಾ ದೊಡ್ಡ ಗಿರಾಕಿ. ಎಲ್ಲೋ ಒಂದು ಕಚೇರಿಯಲ್ಲಿ ಒಂದು ಪಟ್ಟಿ ಅಂಗೀಕಾರವಾಗದಿದ್ದರೆ ಇಲ್ಲಿ ಒಕ್ಕಣೆ ಮುಗಿಸಿ ಕುಳಿತ ರೈತನಿಗೆ ಮಂಡಿಯಲ್ಲಿ ದರ ಕಡಿಮೆ ಹೇಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಅದೇ ದೇಶ ಮತ್ತೆ ಕಡಲೆಕಾಯಿ ಆಮದು ನಿಲ್ಲಿಸಿತು. ಆಗ ಹೇಳಿದ ಕಾರಣ ಅಫ್ಲಾಟಾಕ್ಸಿನ್.

ಅಫ್ಲಾಟಾಕ್ಸಿನ್ ಎಂದರೆ ಬೀಜಕ್ಕೆ ಹಿಡಿಯುವ ಬೂಷ್ಟಿನ ವಿಷ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೂ ಬರುತ್ತದೆ, ಕಿತ್ತ ಮೇಲೆ ಸರಿಯಾಗಿ ಒಣಗಿಸದಿದ್ದರೂ ಬರುತ್ತದೆ. ಮಡಕಶಿರಾ, ರಾಯದುರ್ಗದ ಹೊಲಗಳಿಗೆ ಇವೆರಡೂ ಹೊಸದಲ್ಲ. ನೇರ ತಿನ್ನುವ ಬೀಜಕ್ಕೆ ಐರೋಪ್ಯ ಒಕ್ಕೂಟದ ಮಿತಿ ಕಿಲೋಗೆ 4 ಮೈಕ್ರೋಗ್ರಾಂ, ಭಾರತದ್ದು 10. ಇಷ್ಟು ಸೂಕ್ಷ್ಮ ಅಳತೆಯನ್ನು ಕಣ್ಣಿನಿಂದ, ಮೂಗಿನಿಂದ ಹಿಡಿಯಲಾಗದು. ಪ್ರಯೋಗಾಲಯದ ಮಾತೇ ಮಾತು. ಹಾಗಾದರೆ ಆ ಪ್ರಯೋಗಾಲಯಕ್ಕೆ ಆ ಅಧಿಕಾರ ಕೊಟ್ಟವರು ಯಾರು?

ಉತ್ತರ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿದೆ. ಹಳೆಯ 1954ರ ಕಲಬೆರಕೆ ತಡೆ ಕಾಯ್ದೆಯ ಜಾಗಕ್ಕೆ ಬಂದ ಇದು 2011ರ ಆಗಸ್ಟ್ 5ರಿಂದ ಪೂರ್ತಿ ಜಾರಿಯಾಯಿತು. ಇದರ 43ನೇ ಸೆಕ್ಷನ್ ಪ್ರಕಾರ, ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳನ್ನು ಕೇಂದ್ರದ ಆಹಾರ ಪ್ರಾಧಿಕಾರ ಅಧಿಸೂಚನೆ ಹೊರಡಿಸಿ ಒಪ್ಪಿಕೊಳ್ಳುತ್ತದೆ. ಸರ್ಕಾರಿ ಆಗಬಹುದು, ಖಾಸಗಿಯೂ ಆಗಬಹುದು. ವರದಿ ಬಗ್ಗೆ ತಕರಾರು ಬಂದರೆ ತೀರ್ಮಾನ ಹೇಳುವ ರೆಫರಲ್ ಪ್ರಯೋಗಾಲಯಗಳು ಬೇರೆ ಇವೆ. ಮೈಸೂರಿನ ಸಿಎಫ್‌ಟಿಆರ್‌ಐ ಅವುಗಳಲ್ಲೊಂದು. ಎನ್‌ಎಬಿಎಲ್ ಮಾನ್ಯತೆ ಇಡೀ ಕಟ್ಟಡಕ್ಕೆ ಸಿಗುವುದಲ್ಲ, ಒಂದೊಂದು ಪರೀಕ್ಷೆಗೆ ಪ್ರತ್ಯೇಕವಾಗಿ ಸಿಗುತ್ತದೆ. ಎಣ್ಣೆ ಪರೀಕ್ಷೆಗೆ ಮಾನ್ಯತೆ ಇರುವಲ್ಲಿ ಅಫ್ಲಾಟಾಕ್ಸಿನ್‌ಗೂ ಇದೆ ಎಂದು ತಿಳಿದು ಹಣ ಕಟ್ಟಿದರೆ ಕಟ್ಟಿದವನಿಗೇ ನಷ್ಟ.

ಮಾದರಿ ಎತ್ತಿದವರು ಯಾರು ಎಂಬುದೂ ಮುಖ್ಯ. 2024ರ ಜುಲೈನಲ್ಲಿ ತಿರುಪತಿ ಲಡ್ಡು ತುಪ್ಪದ ಮಾದರಿಯನ್ನು ದೇವಸ್ಥಾನದವರೇ ಗುಜರಾತಿನ ಆಣಂದ್‌ನಲ್ಲಿರುವ ಎನ್‌ಡಿಡಿಬಿ ಪ್ರಯೋಗಾಲಯಕ್ಕೆ ಕಳಿಸಿದ್ದರು. ಸೆಪ್ಟೆಂಬರ್‌ನಲ್ಲಿ ಆ ವರದಿ ಹೊರಬಿದ್ದಾಗ ಆದ ಗದ್ದಲ ಎಲ್ಲರಿಗೂ ನೆನಪಿದೆ. ಆದರೆ ಅದೇ ವರದಿಯಲ್ಲಿ, ಕೆಲವು ಸಂದರ್ಭಗಳಲ್ಲಿ ಫಲಿತಾಂಶ ತಪ್ಪಾಗಿ ಬರಬಹುದು ಎಂಬ ಟಿಪ್ಪಣಿಯೂ ಇತ್ತು. ಅದನ್ನು ಓದಿದವರು ಕಡಿಮೆ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಐವರ ತನಿಖಾ ತಂಡ ರಚಿಸಿದಾಗ ಸಿಬಿಐ ಮತ್ತು ರಾಜ್ಯ ಪೊಲೀಸರ ಜೊತೆ ಆಹಾರ ಪ್ರಾಧಿಕಾರದ ಹಿರಿಯ ಅಧಿಕಾರಿಯೊಬ್ಬರನ್ನೂ ಸೇರಿಸಿತು.

ಗಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕು. ಕಾಯ್ದೆ ಕೇಂದ್ರದ್ದು, ಆದರೆ ಆಹಾರ ವಿಶ್ಲೇಷಕರನ್ನು ನೇಮಿಸುವವರು ಆಯಾ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು. ಶಿರಾದಲ್ಲಿ ಎತ್ತಿದ ಮಾದರಿ ಕರ್ನಾಟಕದ ವಿಶ್ಲೇಷಕರಿಗೆ, ಗುಡಿಬಂಡೆಯಲ್ಲಿ ಎತ್ತಿದ್ದು ಆಂಧ್ರದವರಿಗೆ. ಅವಿಭಜಿತ ಆಂಧ್ರದ ರಾಜ್ಯ ಆಹಾರ ಪ್ರಯೋಗಾಲಯ ಇದ್ದದ್ದು ಹೈದರಾಬಾದಿನ ನಾಚಾರಂನಲ್ಲಿ. 2014ರಲ್ಲಿ ಅದು ತೆಲಂಗಾಣದ ಪಾಲಾಯಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ರೋಡಮೈನ್-ಬಿ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಗೋಬಿ ಮಂಚೂರಿಯ ಕೃತಕ ಬಣ್ಣವನ್ನೂ ನಿಷೇಧಿಸಿತು. ಆ ಆದೇಶ ಗಡಿ ಕಲ್ಲಿನ ತನಕ ಮಾತ್ರ. ಹಾಗೆ ನೋಡಿದರೆ ಆ ಬಣ್ಣವನ್ನು ಆಹಾರಕ್ಕೆ ಹಾಕಲು ದೇಶದಲ್ಲೆಲ್ಲೂ ಅನುಮತಿ ಇಲ್ಲ. ಕರ್ನಾಟಕದಲ್ಲಿ ಪರೀಕ್ಷೆ ಮಾಡಿಸಿದರು, ಆದ್ದರಿಂದ ಸಿಕ್ಕಿಬಿತ್ತು. ಜಾತ್ರೆಯ ಅಂಗಡಿಯವನು ಮಾತ್ರ ಎರಡೂ ಕಡೆ ಒಬ್ಬನೇ.

ಪರೀಕ್ಷೆಯಂತೆ ತಪಾಸಣೆಯ ಕೆಲಸವೂ ಈಗ ಹೊರಗಿನವರಿಗೆ ಹೋಗಿದೆ. 44ನೇ ಸೆಕ್ಷನ್ ಮತ್ತು 2018ರ ನಿಯಮಗಳಡಿ ಪ್ರಾಧಿಕಾರ ಖಾಸಗಿ ಆಡಿಟ್ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತದೆ. ಹಾಲು, ಮಾಂಸದಂಥ ಹೆಚ್ಚು ಅಪಾಯದ ಆಹಾರ ತಯಾರಿಸುವ ದೊಡ್ಡ ಪರವಾನಗಿದಾರರು ಇವರಿಂದ ಆಡಿಟ್ ಮಾಡಿಸಬೇಕು. ಗಂಭೀರ ದೋಷ ಕಂಡರೆ 24 ಗಂಟೆಯೊಳಗೆ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಆದರೆ ಶುಲ್ಕ ಕೊಡುವವನು ಕಾರ್ಖಾನೆಯವನೇ. ತನಗೆ ಕೂಲಿ ಕೊಡುವವನ ತಪ್ಪನ್ನು ತಾನೇ ಬರೆದು ಕಳಿಸಬೇಕಾದ ಈ ಏರ್ಪಾಡು ಎಷ್ಟು ದಿನ ನೆಟ್ಟಗೆ ನಡೆಯುತ್ತದೆ ಎಂಬ ಅನುಮಾನ ಸಹಜ. ಅಧಿಕಾರಿಗಳ ಸಂಖ್ಯೆ ಸಾಲದು ಎಂಬ ವಾದವೂ ಸುಳ್ಳಲ್ಲ. ಆದರೂ ಆಡಿಟ್ ವರದಿ ಇದೆಯೆಂದು ಸರ್ಕಾರಿ ಭೇಟಿ ಕಡಿಮೆ ಮಾಡುವುದು ಅಪಾಯದ ಲೆಕ್ಕ.

ಸಾಮಾನ್ಯರಿಗೂ ಒಂದು ದಾರಿ ಇದೆ. 40ನೇ ಸೆಕ್ಷನ್ ಪ್ರಕಾರ ಯಾವ ಗ್ರಾಹಕನಾದರೂ ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸು. ಒಂದೇ ಷರತ್ತು: ಕೊಳ್ಳುವಾಗಲೇ ಅಂಗಡಿಯವನಿಗೆ 'ಇದನ್ನು ಪರೀಕ್ಷೆಗೆ ಕಳಿಸುತ್ತೇನೆ' ಎಂದು ಹೇಳಬೇಕು. ತಿಂಗಳ ಸಾಲದ ಲೆಕ್ಕ ಇರುವ ಅಂಗಡಿಯಲ್ಲಿ ಇದನ್ನು ಹೇಳುವವರು ಯಾರು ಎಂಬುದು ಕಾಯ್ದೆ ಬರೆದವರಿಗೆ ಹೊಳೆದಂತಿಲ್ಲ.

ವ್ಯಾಪಾರಿಗೂ ಹಕ್ಕುಂಟು. ಅಧಿಕಾರಿ ಎತ್ತಿದ ಮಾದರಿ ನಾಲ್ಕು ಭಾಗವಾಗುತ್ತದೆ. ಒಂದು ವಿಶ್ಲೇಷಕರಿಗೆ, ಎರಡು ನಿಯೋಜಿತ ಅಧಿಕಾರಿಯ ಬಳಿ. ನಾಲ್ಕನೆಯದನ್ನು ವ್ಯಾಪಾರಿ ಕೇಳಿದರೆ ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಬೇಕು. ವಿಶ್ಲೇಷಕರ ವರದಿ 14 ದಿನದೊಳಗೆ ಬರಬೇಕು, ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಕಾಗದ ಬಹುಪಾಲು ಇಂಗ್ಲಿಷಿನಲ್ಲಿ, ಇಲ್ಲವೇ ತೆಲುಗಿನಲ್ಲಿ ಬರುತ್ತದೆ. ಕನ್ನಡದಲ್ಲಿ ಮಾತ್ರ ಓದಿದ ಹಿರಿಯ ವ್ಯಾಪಾರಿ ಅದನ್ನು ಯಾರಿಂದಲೋ ಓದಿಸಿಕೊಳ್ಳುವಷ್ಟರಲ್ಲಿ ಆ 30 ದಿನದಲ್ಲಿ ಒಂದಷ್ಟು ಕಳೆದಿರುತ್ತದೆ.